ಬ್ಯಾಂಕಿನವರು ಮನೆ ನೋಡಲು ಬರುತ್ತಾರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವುದು ನಾಲ್ಕು ಜನರ ಮುಂದೆ ಆಡುವ ಮಾತಾಗಿರಲಿಲ್ಲ. ಸಾಲಸೋಲಕ್ಕೆ ಸಿಕ್ಕಿದವರು ಮಾರುತ್ತಿದ್ದರು, ಅನುಕೂಲವಂತರು ಕೊಳ್ಳುತ್ತಿದ್ದರು. ಕೊಳ್ಳುವವನು ಹಣ ತಂದು ಎಣಿಸಿದರೆ, ಕೊಡುವವನು ಪತ್ರ ಬರೆದುಕೊಟ್ಟು ಬೀಗದ ಕೈ ಒಪ್ಪಿಸಿದರೆ, ವ್ಯವಹಾರ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಚಾವಣಿ ಸೋರಿದರೆ ಅದು ಕೊಂಡವನ ಹಣೆಬರಹ.

ಈಗ ಹಾಗಲ್ಲ. ಈಗ ಮಧ್ಯಮವರ್ಗದ ಮನೆಯೊಂದನ್ನು ಕೊಳ್ಳಲು ಬರುವವರು ಇಬ್ಬರು. ಎದುರಿಗೆ ಕುಳಿತು ಕಾಫಿ ಕುಡಿದು ಮಾತನಾಡುವ ಗೃಹಸ್ಥನೊಬ್ಬ. ಅವನ ಬೆನ್ನ ಹಿಂದೆ ನಿಂತ ಬ್ಯಾಂಕು ಇನ್ನೊಬ್ಬ. ಗೃಹಸ್ಥನು ಮನೆಯನ್ನು ಮೆಚ್ಚಬಹುದು, ಮುಂಗಡ ಕೊಡಬಹುದು, ಗೃಹಪ್ರವೇಶಕ್ಕೆ ಮುಹೂರ್ತವನ್ನೂ ಕೇಳಬಹುದು. ಬ್ಯಾಂಕು ಮೆಚ್ಚದಿದ್ದರೆ ಅವೆಲ್ಲವೂ ಹುಸಿ. ಬೆಲೆಯ ಬಹುಭಾಗವನ್ನು ಕೊಡುವುದು ಬ್ಯಾಂಕೇ ಆದ್ದರಿಂದ, ಮನೆಯನ್ನು ಅದರ ಕಣ್ಣಿಗೆ ಒಪ್ಪುವಂತೆ ಸಿದ್ಧಪಡಿಸುವ ಹೊಣೆ ಮಾರುವವನ ತಲೆಯ ಮೇಲೆ ಬೀಳುತ್ತದೆ. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವ ದಿನದ ಕಳವಳವನ್ನು ಬಲ್ಲವರಿಗೆ ಈ ಕಳವಳವೂ ಅರ್ಥವಾದೀತು.

ಮೈಸೂರಿನ ಸರಸ್ವತೀಪುರಂನಲ್ಲಿದ್ದ ರಾಯರಿಗೆ ಈ ಅನುಭವವು ಎಪ್ಪತ್ತರ ಮೇಲೆ ಬಂದಿತು. ಹೈಸ್ಕೂಲಿನ ಮೇಷ್ಟರಾಗಿ ನಿವೃತ್ತರಾದ ಅವರನ್ನು ಆ ಬೀದಿಯಲ್ಲಿ ಎಲ್ಲರೂ ರಾಯರೆಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುವ ಹಿರಿಯರು ಯಾರೂ ಉಳಿದಿರಲಿಲ್ಲ. ಮನೆ ಅವರ ತಂದೆ ಕಟ್ಟಿಸಿದ್ದು. ಮೈಸೂರಿನ ಬಡಾವಣೆಗಳನ್ನು ರೂಪಿಸಲು 1903ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನಿಂದ ನಿವೇಶನ ಪಡೆದು, ಅರುವತ್ತರ ದಶಕದ ಆರಂಭದಲ್ಲಿ, ಗುಮಾಸ್ತೆಯ ಸಂಬಳದಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಅವರು ಎಬ್ಬಿಸಿದ ಮನೆ. ನಡುಮನೆಯಲ್ಲಿ ಕನ್ನಡಿಯಂತೆ ಹೊಳೆಯುವ ಕೆಂಪು ಕಾವಿಯ ನೆಲ, ಅಡುಗೆಮನೆಗೆ ಪೂರ್ವದ ಕಿಟಕಿ, ಹಿತ್ತಿಲಿನಲ್ಲಿ ಒಂದು ಸಂಪಿಗೆಯ ಮರ.

ಆ ಮನೆಯನ್ನು ಮಾರಲು ಕಾರಣ ದೊಡ್ಡದೇನಲ್ಲ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ರಾಯರ ಪತ್ನಿಗೆ ಮಂಡಿಯ ನೋವು. ಬಚ್ಚಲುಮನೆಗೆ ಇಳಿಯುವ ಎರಡು ಮೆಟ್ಟಿಲುಗಳೇ ಅವರಿಗೆ ಚಾಮುಂಡಿ ಬೆಟ್ಟವಾಗಿದ್ದವು. ಲಿಫ್ಟು ಇರುವ ಸಣ್ಣ ಮನೆಯೊಂದು ಸಾಕು ಎಂದು ದಂಪತಿಗಳು ವರ್ಷಗಟ್ಟಲೆ ಮಾತನಾಡಿ ಒಂದು ದಿನ ನಿರ್ಧರಿಸಿದರು.

ಮೊದಲು ಬಂದವನು ಕಟ್ಟಡ ಕಟ್ಟಿ ಮಾರುವ ವ್ಯಾಪಾರಿ. ಅವನಿಗೆ ಸಾಲದ ಅಗತ್ಯವಿರಲಿಲ್ಲ. ಬೀದಿಯಲ್ಲೇ ನಿಂತು ಅಗಲ ಉದ್ದಗಳನ್ನು ಕಣ್ಣಳತೆಯಿಂದ ಲೆಕ್ಕ ಹಾಕಿ, ಒಳಗೆ ಬರುವುದೇನೂ ಬೇಡವೆಂದು ನಯವಾಗಿ ಹೇಳಿ, ಒಳ್ಳೆಯ ಬೆಲೆಯನ್ನೇ ಹೇಳಿದನು. ಕೆಡವುವ ಮನೆಯ ಒಳಗನ್ನು ನೋಡಿ ಆಗಬೇಕಾದದ್ದೇನು? ಅವನು ಹೋದ ಮೇಲೆ ರಾಯರ ಪತ್ನಿ ಒಂದೇ ಮಾತು ಹೇಳಿದರು:

“ಅಡುಗೆಮನೆಯನ್ನು ನೋಡದೆ ಮನೆ ಕೊಳ್ಳುವವರಿಗೆ ಕೊಡುವುದು ಬೇಡ.”

ಎರಡನೆಯವರು ಕಿರಿಯ ದಂಪತಿಗಳು. ಗಂಡನಿಗೆ ಹೂಟಗಳ್ಳಿಯ ಕಡೆ ಕಂಪನಿಯ ಕೆಲಸ. ಹೆಂಡತಿ ಕಾಲೇಜಿನಲ್ಲಿ ಅಧ್ಯಾಪಕಿ. ಜೊತೆಯಲ್ಲಿ ಐದು ವರ್ಷದ ಮಗು. ಆ ಹೆಣ್ಣುಮಗಳು ಕೆಂಪು ನೆಲದ ಮೇಲೆ ಕುಳಿತೇಬಿಟ್ಟಳು. ಬಿಸಿಲು ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದಳು. ಬೆಲೆ ವ್ಯಾಪಾರಿಯದಕ್ಕಿಂತ ತುಸು ಕಡಿಮೆಯೇ. ಆದರೂ ರಾಯರು ಒಪ್ಪಿದರು. ಹೊರಡುವ ಮುನ್ನ ಆ ತರುಣನು ಸಂಕೋಚದಿಂದ ಹೇಳಿದನು: “ನಾವು ಬ್ಯಾಂಕಿನ ಸಾಲ ತೆಗೆಯಬೇಕು ಸಾರ್. ಅವರ ಕಡೆಯಿಂದ ಮನೆ ನೋಡಲು ಬರುತ್ತಾರೆ.”

ಬರಲಿ, ಅದಕ್ಕೇನು ಎಂದರು ರಾಯರು. ಆ ರಾತ್ರಿ ಮಲಗಿದ ಮೇಲೆ ಮಾತ್ರ ಅವರಿಗೆ ಮನೆಯ ದೋಷಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು.

ನಡುಮನೆಯ ವಾಯವ್ಯ ಮೂಲೆಯಲ್ಲಿ ತೇವದ ಕಲೆಯೊಂದು ಮೂವತ್ತು ವರ್ಷಗಳಿಂದ ಬೆಳೆಯುತ್ತ ಬಂದು, ಈಗ ಗೋಡೆಗೆ ತೂಗುಹಾಕಿದ ಭೂಪಟದಷ್ಟಾಗಿತ್ತು. ಬಚ್ಚಲುಮನೆಯ ಚಾವಣಿಯಲ್ಲಿ ಗಾರೆ ಉದುರಿ, ತುಕ್ಕು ಹಿಡಿದ ಕಂಬಿಗಳು ಮುದಿ ಹಸುವಿನ ಪಕ್ಕೆಲುಬುಗಳಂತೆ ಕಾಣುತ್ತಿದ್ದವು. ಹಿತ್ತಿಲ ಬಾಗಿಲಿನ ಚೌಕಟ್ಟಿನ ಬುಡವನ್ನು ಗೆದ್ದಲು ತಿಂದಿತ್ತು. ಇವೆಲ್ಲವೂ ಮನೆಯವರಿಗೆ ಗೊತ್ತಿದ್ದ ಸಂಗತಿಗಳೇ. ಆದರೆ ತಮ್ಮ ಮನೆಯ ದೋಷವು ಬಹಳ ದಿನ ಕಣ್ಣೆದುರಿಗಿದ್ದರೆ ಅದು ದೋಷವಾಗಿ ಕಾಣುವುದಿಲ್ಲ. ಹಳೆಯ ನೆಂಟನಂತೆ ಮನೆಯಲ್ಲೇ ಉಳಿದುಬಿಡುತ್ತದೆ.

“ಬಣ್ಣ ಹೊಡೆಸಿಬಿಡಿ ಅಪ್ಪ, ಎಲ್ಲವೂ ಮುಚ್ಚಿಹೋಗುತ್ತದೆ” ಎಂದು ಮಗನು ಫೋನಿನಲ್ಲಿ ಸಲಹೆ ಕೊಟ್ಟನು. ದಳ್ಳಾಳಿಯೂ ಅದನ್ನೇ ಅನುಮೋದಿಸಿದನು. ಹಾಗೆಯೇ ನಡೆಯಿತು. ತೇವದ ಮೂಲೆಗೆ ಎರಡು ಕೈ ಹೆಚ್ಚಾಗಿಯೇ ಬಣ್ಣ ಬಳಿದು, ಅದರ ಮುಂದೆ ಬೀರುವನ್ನು ಸರಿಸಿ ನಿಲ್ಲಿಸಿದರು. ಬಚ್ಚಲುಮನೆಯ ಚಾವಣಿಯ ಕೆಳಗೆ ಬಿಳಿಯ ಪ್ಲಾಸ್ಟಿಕ್ ಹಲಗೆ ಬಂದಿತು. ಗೆದ್ದಲು ತಿಂದ ಚೌಕಟ್ಟಿಗೆ ಕಂದು ವಾರ್ನಿಷು. ಒಂದು ತಿಂಗಳ ಪಿಂಚಣಿಯೂ ಸ್ವಲ್ಪ ಕೂಡಿಟ್ಟ ಹಣವೂ ಕರಗಿದವು. ಮನೆ ಹೊಸ ಅಂಗಿ ತೊಟ್ಟ ರೋಗಿಯಂತೆ ಮಿಂಚಿತು.

ಗೊತ್ತಾದ ದಿನ ಬ್ಯಾಂಕಿನ ಪರವಾಗಿ ಬಂದವನು ಇಪ್ಪತ್ತಾರು ಇಪ್ಪತ್ತೇಳರ ಎಂಜಿನಿಯರು. ಇಂಥವರನ್ನು ಮೌಲ್ಯಮಾಪಕರೆನ್ನುತ್ತಾರೆ. ರಾಯರ ಪತ್ನಿ ಉಪ್ಪಿಟ್ಟು ಕಾಫಿ ಸಿದ್ಧಪಡಿಸಿದ್ದರು. ಆತನು ಹೊಸ ಬಣ್ಣದ ಗೋಡೆಯ ಕಡೆ ತಿರುಗಿಯೂ ನೋಡದೆ, “ತಾರಸಿಗೆ ದಾರಿ ಯಾವ ಕಡೆ ಸಾರ್?” ಎಂದನು. ಮೇಲೆ ಹತ್ತಿ, ಮಳೆನೀರು ಹೋಗುವ ಕೊಳವೆಯ ಬಾಯಲ್ಲಿ ಸಂಪಿಗೆಯ ಎಲೆಗಳು ಕೊಳೆತು ನಿಂತಿದ್ದುದನ್ನು ನೋಡಿದನು, ಫೋಟೋ ತೆಗೆದನು. ಕೆಳಗಿಳಿದವನು ನೇರವಾಗಿ ಆ ಕೊಳವೆಯ ಕೆಳಗಿನ ಮೂಲೆಗೆ ನಡೆದು, ಬೀರುವನ್ನು ಸ್ವಲ್ಪ ಸರಿಸಬಹುದೇ ಎಂದು ಕೇಳಿದನು. ಗೋಡೆಯ ಮೇಲೆ ಅಂಗೈ ಇಟ್ಟು ಕ್ಷಣಕಾಲ ಸುಮ್ಮನೆ ನಿಂತು, ವೈದ್ಯನು ರೋಗಿಗೆ ಹೇಳುವ ದನಿಯಲ್ಲಿ ಹೇಳಿದನು:

“ಬಣ್ಣ ಹೊಸದು ಸಾರ್, ತೇವ ಹಳೆಯದು.”

ಬಚ್ಚಲುಮನೆಯ ಪ್ಲಾಸ್ಟಿಕ್ ಹಲಗೆಯನ್ನೂ ಒಂದು ಮೂಲೆಯಲ್ಲಿ ಎತ್ತಿ ನೋಡಿದನು. ಮನೆಯ ಅಳತೆ ತೆಗೆದನು. ನಾಲ್ಕೂ ದಿಕ್ಕಿನಲ್ಲಿ ಏನೇನಿದೆಯೆಂದು ಗುರುತು ಹಾಕಿಕೊಂಡು ಪತ್ರದ ಚಕ್ಕುಬಂದಿಯೊಡನೆ ತಾಳೆ ನೋಡಿದನು. ಮಹಡಿಯ ಮೇಲಿನ ಕೋಣೆಯನ್ನು ನೋಡಿ, ಅದಕ್ಕೆ ನಕ್ಷೆ ಮಂಜೂರಾಗಿದೆಯೇ ಎಂದು ಕೇಳಿದನು. ಆ ಕೋಣೆಯನ್ನು ಮಗ ಓದಿಕೊಳ್ಳಲೆಂದು ರಾಯರೇ ಕಟ್ಟಿಸಿದ್ದು. ನಕ್ಷೆಯ ವಿಚಾರ ಅವರಿಗೆ ಹೊಳೆದೇ ಇರಲಿಲ್ಲ.

ಹದಿನೈದು ದಿನಗಳ ಮೇಲೆ ವರದಿಯ ಸಾರಾಂಶ ತಿಳಿಯಿತು. ಕಟ್ಟಡಕ್ಕೆ ಅರುವತ್ತು ದಾಟಿದೆ. ಸೋರಿಕೆಯಿಂದ ಕಂಬಿಗಳಿಗೆ ಹಾನಿಯಾಗಿದೆ. ಇನ್ನು ಎಷ್ಟು ಕಾಲ ಬಾಳೀತೆಂಬುದು ಸಂದೇಹ. ಮೇಲಿನ ಕೋಣೆ ಮಂಜೂರಾದ ನಕ್ಷೆಯಲ್ಲಿಲ್ಲವಾದ್ದರಿಂದ ಲೆಕ್ಕಕ್ಕಿಲ್ಲ. ಬೆಲೆಯೂ ಒಂದಲ್ಲ, ಮೂರು. ಪೇಟೆಯಲ್ಲಿ ಸಲ್ಲುವ ಬೆಲೆ ಒಂದು, ನಿಜವಾಗಿ ಕೈಗೆ ಬರಬಹುದಾದ ಬೆಲೆ ಒಂದು, ಅವಸರದಲ್ಲಿ ಹರಾಜು ಹಾಕಿದರೆ ಹುಟ್ಟುವ ಬೆಲೆ ಒಂದು. ಮೂರನೆಯ ಬೆಲೆಯನ್ನು ಕೇಳಿ ರಾಯರಿಗೆ ತಂದೆಯವರ ಬೆವರನ್ನೇ ಯಾರೋ ತಕ್ಕಡಿಗೆ ಹಾಕಿದಂತೆ ನೋವಾಯಿತು.

ಬ್ಯಾಂಕಿನ ದೃಷ್ಟಿಯನ್ನು ಅರಿತರೆ ಈ ನೋವು ಸ್ವಲ್ಪ ಶಮನವಾಗುತ್ತದೆ. ಕೊಳ್ಳುವವನು ಮನೆಯಲ್ಲಿ ಬದುಕಿ ಬಾಳುವ ದಿನವನ್ನು ಕಲ್ಪಿಸಿಕೊಳ್ಳುತ್ತಾನೆ. ಬ್ಯಾಂಕು ಅವನು ಕಂತು ಕಟ್ಟಲಾರದೆ ಕೈಚೆಲ್ಲುವ ದಿನವನ್ನು ಕಲ್ಪಿಸಿಕೊಳ್ಳುತ್ತದೆ. ಮನೆಯ ಮೂಲಪತ್ರಗಳನ್ನು ಸಾಲಕ್ಕೆ ಆಧಾರವಾಗಿ ಒಪ್ಪಿಸುವ ಪದ್ಧತಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲೇ ಎಡೆಯುಂಟು. ಸಾಲ ನಿಂತುಹೋದರೆ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತದೆ ಬ್ಯಾಂಕೇ ಸ್ವತ್ತನ್ನು ವಶಪಡಿಸಿಕೊಂಡು ಮಾರುವ ಅಧಿಕಾರ 2002ರ ಕಾಯಿದೆಯಿಂದ ಬಂದಿದೆ. ಇಪ್ಪತ್ತು ವರ್ಷದ ಸಾಲಕ್ಕೆ ಆಧಾರವಾದ ಮನೆ ಹದಿನೈದನೆಯ ವರ್ಷದಲ್ಲಿ ಕುಸಿದರೆ ಮಾರುವುದೇನನ್ನು? ಆದ್ದರಿಂದಲೇ ಕಟ್ಟಡದ ಉಳಿದ ಆಯಸ್ಸು ಸಾಲದ ಅವಧಿಯನ್ನು ಮೀರಿರಬೇಕೆಂದು ಬ್ಯಾಂಕುಗಳು ಸಾಮಾನ್ಯವಾಗಿ ಕೇಳುತ್ತವೆ. ಮನೆಯವರಿಗೆ ಅದು ಅಪಶಕುನದ ಮಾತು. ಸಾಲ ಕೊಡುವವರಿಗೆ ದಿನನಿತ್ಯದ ಎಚ್ಚರಿಕೆ.

ಬೆಲೆ ಕಟ್ಟುವುದರಲ್ಲಿಯೂ ಒಂದು ಲೆಕ್ಕವಿದೆ. ಮನೆಸಾಲ ಬೆಲೆಯ ಎಷ್ಟು ಪಾಲಿರಬಹುದೆಂಬುದಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕಿದೆ: ಮೂವತ್ತು ಲಕ್ಷ ರೂಪಾಯಿವರೆಗಿನ ಸಾಲಕ್ಕೆ ನೂರಕ್ಕೆ 90, ಎಪ್ಪತ್ತೈದು ಲಕ್ಷದವರೆಗೆ 80, ಅದಕ್ಕೂ ಮೇಲ್ಪಟ್ಟರೆ 75. ಒಪ್ಪಂದದ ಬೆಲೆ, ಮೌಲ್ಯಮಾಪಕನು ಕಟ್ಟಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬ್ಯಾಂಕು ಸಾಮಾನ್ಯವಾಗಿ ಹಿಡಿಯುತ್ತದೆ. ಉದಾಹರಣೆಗೆ, ಒಪ್ಪಿದ ಬೆಲೆ 1 ಕೋಟಿ 20 ಲಕ್ಷವೆನ್ನೋಣ. ಮುಕ್ಕಾಲು ಪಾಲೆಂದರೆ 90 ಲಕ್ಷ ಸಾಲ. ಮೌಲ್ಯಮಾಪಕನು 1 ಕೋಟಿ 5 ಲಕ್ಷವೆಂದರೆ ಸಾಲ 78 ಲಕ್ಷದ 75 ಸಾವಿರಕ್ಕೆ ಇಳಿಯುತ್ತದೆ. ಕೊರತೆ ಬಿದ್ದ 11 ಲಕ್ಷದ 25 ಸಾವಿರವನ್ನು ಕೊಳ್ಳುವವನು ಕೈಯಿಂದ ತರಬೇಕು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳ ಹೊರೆ ಇದರ ಮೇಲೆ ಬೇರೆ. ಆ ತರುಣ ದಂಪತಿಗಳು ಇನ್ನೆಲ್ಲಿಂದ ತಂದಾರು? ಗೋಡೆಯ ಒಂದು ಕಲೆಯು ಮಾರುವವನಿಗಿಂತ ಹೆಚ್ಚಾಗಿ ಕೊಳ್ಳುವವನ ಜೇಬನ್ನು ಸುಡುತ್ತದೆಂಬುದು ರಾಯರಿಗೆ ಆಗ ತಿಳಿಯಿತು. ದುರಸ್ತಿ ಮಾಡಿಸಿ ಎಂಜಿನಿಯರೊಬ್ಬರಿಂದ ಕಟ್ಟಡ ದೃಢವಾಗಿದೆಯೆಂಬ ಪತ್ರ ಕೊಟ್ಟರೆ ಮತ್ತೆ ನೋಡುತ್ತೇವೆಂದು ಬ್ಯಾಂಕಿನವರು ತಿಳಿಸಿದ್ದರು.

ವ್ಯಾಪಾರಿಯ ಚೀಟಿ ಇನ್ನೂ ಮೇಜಿನ ಮೇಲೆಯೇ ಇತ್ತು. ಒಂದು ಫೋನು ಮಾಡಿದ್ದರೆ ತಲೆನೋವು ಮುಗಿಯುತ್ತಿತ್ತು. ರಾಯರು ಅದನ್ನು ಪುಸ್ತಕವೊಂದರ ನಡುವೆ ಸೇರಿಸಿ, ಹಳೆಯ ಗಾರೆ ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಆ ಬಡಾವಣೆಯ ಅರ್ಧ ತಾರಸಿಗಳನ್ನು ಬಲ್ಲವನು. ಹೊಸ ಬಣ್ಣವನ್ನು ಉಗುರಿನಿಂದ ಕೆರೆದು ನಕ್ಕನು. “ಸ್ವಾಮಿ, ನೀರು ಮೇಲಿಂದ ಬರುತ್ತೆ. ನೀವು ಕೆಳಗೆ ಮದ್ದು ಹಚ್ಚಿದೀರಿ” ಎಂದನು. ಹಳೆಯ ಮನೆಯನ್ನು ಮಾರಾಟಕ್ಕೆ ಅಣಿಗೊಳಿಸುವವರೆಲ್ಲ ಕಲಿಯಬೇಕಾದ ಮೊದಲ ಪಾಠ ಆ ಮಾತಿನಲ್ಲಿತ್ತು. ಮೊದಲು ನೀರಿನ ದಾರಿ, ಆಮೇಲೆ ಕಬ್ಬಿಣ, ಆಮೇಲೆ ಮರ, ಆಮೇಲೆ ವಿದ್ಯುತ್ತು. ಬಣ್ಣ ಎಲ್ಲಕ್ಕೂ ಕೊನೆ.

ಕೆಲಸ ಆ ಕ್ರಮದಲ್ಲೇ ನಡೆಯಿತು. ತಾರಸಿಯ ಕೊಳವೆಯನ್ನು ಬಿಡಿಸಿ ಬಾಯಿಗೆ ಜಾಲರಿ ಹಾಕಿದರು. ಬಿರಿದ ಹಳೆಯ ಗಾರೆಯನ್ನು ಕಿತ್ತು, ನೀರು ನಿಲ್ಲದಂತೆ ಕೊಳವೆಯ ಕಡೆಗೆ ಓಟ ಕೊಟ್ಟು ಹೊಸದಾಗಿ ಹಾಕಿದರು. ತಾರಸಿಯೂ ಕೈಪಿಡಿಗೋಡೆಯೂ ಕೂಡುವ ಸಂದಿಯಲ್ಲೇ ನೀರು ಇಳಿಯುತ್ತಿದ್ದುದರಿಂದ ಆ ಮೂಲೆಯನ್ನು ಗುಂಡಾಗಿ ತಿದ್ದಿ ನೀರುನಿರೋಧಕ ಲೇಪ ಕೊಟ್ಟರು. ಬಳಿಕ ಕೊಳವೆಯ ಬಾಯಿ ಕಟ್ಟಿ, ತಾರಸಿಯ ಮೇಲೆ ಎರಡು ದಿನ ನೀರು ನಿಲ್ಲಿಸಿದರು. ರಾಯರು ಆ ಎರಡು ದಿನವೂ ನಡುಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಪರೀಕ್ಷೆ ಬರೆಯುವ ಹುಡುಗನ ಕಾವಲಿಗೆ ಕುಳಿತವರಂತೆ ಗೋಡೆಯನ್ನು ನೋಡುತ್ತಿದ್ದರು. ಗೋಡೆ ಉತ್ತೀರ್ಣವಾಯಿತು.

ಬಚ್ಚಲುಮನೆಯ ಪ್ಲಾಸ್ಟಿಕ್ ಹಲಗೆಯನ್ನು ಕಿತ್ತೆಸೆದರು. ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಹೊಸದರಲ್ಲಿ ಸಿಮೆಂಟಿನ ಕ್ಷಾರಗುಣವೇ ತುಕ್ಕಿನಿಂದ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲಾಮ್ಲ ಒಳಗಿಳಿದು ಆ ಗುಣವನ್ನು ಕುಂದಿಸುತ್ತದೆ. ಅದರ ಮೇಲೆ ತೇವ ತಗುಲಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲ ಕಾಂಕ್ರೀಟನ್ನು ಒಳಗಿನಿಂದ ಸೀಳಿ ಉದುರಿಸುತ್ತದೆ. ಹಲಗೆ ಕಟ್ಟಿ ಮುಚ್ಚಿದರೆ ಈ ರೋಗ ಮರೆಯಲ್ಲಿ ಬೆಳೆಯುತ್ತದೆ, ಅಷ್ಟೆ. ಸಡಿಲವಾದುದನ್ನೆಲ್ಲ ಕೆಡವಿ, ಕಂಬಿಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತೀರ ಸವೆದ ಕಡೆ ಹೊಸ ಕಂಬಿ ಕಟ್ಟಿ, ತುಕ್ಕು ತಡೆಯುವ ಲೇಪ ಬಳಿದು, ಗಟ್ಟಿ ಗಾರೆ ತುಂಬಿದರು. ಗೆದ್ದಲು ತಿಂದ ಚೌಕಟ್ಟಿನ ಬುಡವನ್ನು ಕತ್ತರಿಸಿ ಹೊಸ ಮರ ಕೂಡಿಸಿ, ಸುತ್ತಲ ನೆಲಕ್ಕೆ ಔಷಧ ಇಳಿಸಿದರು. ಹಳೆಯ ವೈರುಗಳನ್ನು ಬದಲಾಯಿಸಿ, ಸೋರಿದ ವಿದ್ಯುತ್ತನ್ನು ತಾನೇ ಕಡಿಯುವ ಸ್ವಿಚ್ಚನ್ನು ಕೂಡಿಸಿದರು.

ಕೆಂಪು ನೆಲದ ಮೇಲೆ ಹೊಳೆಯುವ ಟೈಲ್ಸು ಹಾಕಿಸಿರೆಂದೂ, ನಡುಮನೆಗೆ ದೀಪ ಹುದುಗಿಸಿದ ಕೃತಕ ಚಾವಣಿ ಮಾಡಿಸಿರೆಂದೂ ದಳ್ಳಾಳಿ ಒತ್ತಾಯಪಡಿಸಿದನು. ರಾಯರು ಕೈಮುಗಿದರು. ಅಂಥ ಅಲಂಕಾರವನ್ನು ಮುಂದೆ ಬಾಳುವವರು ತಮ್ಮ ಇಚ್ಛೆಯಂತೆ ಮಾಡಿಕೊಳ್ಳುತ್ತಾರೆ. ಆಧಾರವನ್ನು ತೂಗಿ ನೋಡುವವರ ಲೆಕ್ಕದಲ್ಲಿ ಅದು ಹೆಚ್ಚೇನೂ ತೂಗುವುದಿಲ್ಲ.

ಗೋಡೆಗಳು ಒಣಗುತ್ತಿದ್ದಾಗ ಬ್ಯಾಂಕಿನ ವಕೀಲರ ಪಟ್ಟಿ ಬಂದಿತು. ಮನೆಯ ಆರೋಗ್ಯವೆಂದರೆ ಗೋಡೆ ಚಾವಣಿಗಳದು ಅರ್ಧ, ಕಾಗದಪತ್ರಗಳದು ಇನ್ನರ್ಧ. ಟ್ರಸ್ಟ್ ಬೋರ್ಡಿನ ಹಕ್ಕುಪತ್ರ, ಮಂಜೂರಾದ ನಕ್ಷೆ, ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರ, ಮರಣಪತ್ರ, ವಂಶವೃಕ್ಷ ಎಲ್ಲವನ್ನೂ ರಾಯರು ಮೇಷ್ಟರ ಶಿಸ್ತಿನಿಂದ ಜೋಡಿಸಿಟ್ಟಿದ್ದರು. ವಕೀಲರು ಎಲ್ಲವನ್ನೂ ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದರು:

“ವಂಶವೃಕ್ಷದಲ್ಲಿ ತಂಗಿಯೊಬ್ಬರಿದ್ದಾರೆ. ಅವರ ಸಹಿ ಎಲ್ಲಿ?”

ಖಾತೆ ತಮ್ಮ ಹೆಸರಿನಲ್ಲೇ ಇದೆಯಲ್ಲ ಎಂದರು ರಾಯರು. ಖಾತೆಯು ಕಂದಾಯ ಯಾರು ಕಟ್ಟಬೇಕೆಂಬುದನ್ನು ಹೇಳುತ್ತದೆ, ಮನೆ ಯಾರದೆಂಬುದನ್ನು ನಿರ್ಣಯಿಸುವುದಿಲ್ಲ ಎಂದರು ವಕೀಲರು. ಋಣಭಾರ ಪತ್ರದಲ್ಲಿ ಏನೂ ಇಲ್ಲವಲ್ಲ? ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುತ್ತವೆ. ಹುಟ್ಟಿನಿಂದ ಬಂದ ಪಾಲು ಅದರಲ್ಲಿ ಕಾಣುವುದಿಲ್ಲ. ಖಾತೆ ಬದಲಾಯಿಸುವಾಗ ತಂಗಿ ಬಿಳಿಯ ಹಾಳೆಯ ಮೇಲೆ ಆಕ್ಷೇಪಣೆಯಿಲ್ಲವೆಂದು ಬರೆದುಕೊಟ್ಟಿದ್ದಳಲ್ಲ? ಮನೆಯ ಮೇಲಿನ ಹಕ್ಕನ್ನು ಬಿಟ್ಟುಕೊಡುವ ಪತ್ರ 1908ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗಬೇಕು. ಬಿಳಿಯ ಹಾಳೆ ಸಾಲದು.

ಇಲ್ಲಿ ಅನೇಕ ಸಂಸಾರಗಳಿಗೆ ಒಂದು ತಪ್ಪು ತಿಳಿವಳಿಕೆಯುಂಟು. ಹೆಣ್ಣುಮಕ್ಕಳಿಗೆ ಪಾಲು ಬಂದದ್ದು ಕರ್ನಾಟಕದ 1994ರ ತಿದ್ದುಪಡಿಯಿಂದ ಅಥವಾ ದೇಶಕ್ಕೆಲ್ಲ ಅನ್ವಯಿಸಿದ 2005ರ ತಿದ್ದುಪಡಿಯಿಂದ ಎಂದು ಜನ ಭಾವಿಸುತ್ತಾರೆ. ಆ ತಿದ್ದುಪಡಿಗಳು ಹುಟ್ಟಿದ್ದು ಅವಿಭಕ್ತ ಕುಟುಂಬದ ಆಸ್ತಿಯನ್ನು ಕುರಿತು. ತಂದೆ ಸ್ವಂತ ಸಂಪಾದನೆಯಿಂದ ಕಟ್ಟಿಸಿ, ಉಯಿಲು ಬರೆಯದೆ ತೀರಿಕೊಂಡ ಮನೆಯಲ್ಲಿ ಮಗಳಿಗೆ ಮಗನಷ್ಟೇ ಪಾಲೆಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ಸಿದ್ಧವಾಗಿದೆ. ರಾಯರ ತಂದೆ ತೀರಿಕೊಂಡದ್ದು ಎಂಬತ್ತರ ದಶಕದಲ್ಲಿ. ಉಯಿಲು ಇರಲಿಲ್ಲ. ತಾಯಿಯ ಪಾಲೂ ಆಕೆಯ ಕಾಲಾನಂತರ ಇಬ್ಬರು ಮಕ್ಕಳಿಗೇ ಸೇರಿತು. ಅಂದರೆ ರಾಯರು ನಾಲ್ಕು ದಶಕಗಳಿಂದ ತಮ್ಮದೆಂದುಕೊಂಡಿದ್ದ ಮನೆಯಲ್ಲಿ ಅರ್ಧ ಅವರದಾಗಿರಲಿಲ್ಲ.

“ಅವಳ ಮದುವೆಗೆ ಅಪ್ಪ ಸಾಲ ಮಾಡಿ ಖರ್ಚು ಮಾಡಿದರು” ಎಂದರು ರಾಯರು.

“ಮದುವೆಯ ಖರ್ಚು ಹಕ್ಕುಬಿಡುಗಡೆಯ ಪತ್ರವಾಗುವುದಿಲ್ಲ ಸಾರ್. ಅವರು ಬಂದು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಡಲಿ. ಇಲ್ಲವೇ ನಿಮ್ಮೊಡನೆ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಮಾಡಲಿ. ಬ್ಯಾಂಕಿಗೆ ಎರಡೂ ಒಂದೇ” ಎಂದರು ವಕೀಲರು.

ಬ್ಯಾಂಕಿಗೆ ಒಂದೇ ಆದುದು ಅಣ್ಣನಿಗೆ ಒಂದೇ ಆಗಿರಲಿಲ್ಲ. ಒಂದು ದಾರಿಯಲ್ಲಿ ತಂಗಿಗೆ ಒಂದು ಸೀರೆ, ಇನ್ನೊಂದು ದಾರಿಯಲ್ಲಿ ಅರ್ಧ ಮನೆ. ಶಿವಮೊಗ್ಗದಲ್ಲಿದ್ದ ಆಕೆಯೊಡನೆ ಜಗಳವೇನೂ ಇರಲಿಲ್ಲ; ಆದರೆ ತಾಯಿ ಹೋದ ಮೇಲೆ ಬರಹೋಗುವುದೂ ನಿಂತಿತ್ತು. ಸೀರೆಯ ದಾರಿಯೇ ಸುಲಭವೆಂದು ರಾಯರು ನಾಲ್ಕು ದಿನ ಯೋಚಿಸಿದರು. ಐದನೆಯ ದಿನ ಅವರ ಪತ್ನಿ ಕೇಳಿದರು: “ಗೋಡೆಗೆ ಸುಮ್ಮನೆ ಬಣ್ಣ ಬಳಿದಾಗ ಏನಾಯಿತೆಂದು ನೋಡಿದಿರಲ್ಲ. ಮತ್ತೆ ಅದನ್ನೇ ಮಾಡುತ್ತೀರಾ?” ರಾಯರು ಫೋನು ಎತ್ತಿಕೊಂಡರು, ವಕೀಲರು ಹೇಳಿದುದನ್ನು ಒಂದು ಅಕ್ಷರವೂ ಬಿಡದೆ ತಂಗಿಗೆ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, “ಬರುತ್ತೇನೆ” ಎಂದಿತು ದನಿ.

ಆಕೆ ಬಂದು ಮೊದಲು ಮಾಡಿದ ಕೆಲಸ ಮನೆಯನ್ನೆಲ್ಲ ಒಂದು ಸುತ್ತು ನೋಡಿದ್ದು. ಒಣಗಿದ ಮೂಲೆಯನ್ನು ಮುಟ್ಟಿ, “ಇಲ್ಲೇ ಅಲ್ಲವೇ ಅಮ್ಮ ತೇವ ತಗುಲದಿರಲೆಂದು ಮಣೆ ಹಾಕಿಕೊಂಡು ಕೂರುತ್ತಿದ್ದುದು” ಎಂದಳು. ಊಟವಾದ ಮೇಲೆ ಅಣ್ಣನ ಎದುರಿಗೆ ಕುಳಿತಳು.

“ಹಣ ಬೇಡವೆಂದು ನಾನೇ ಹೇಳಲಿ ಎಂದು ನೀನು ಕಾಯುತ್ತಿದ್ದರೆ, ಅದನ್ನು ನಾನು ಹೇಳುವುದಿಲ್ಲ ಅಣ್ಣ. ನನಗೂ ವಯಸ್ಸಾಯಿತು, ಅವರು ಹೋದ ಮೇಲೆ ಖರ್ಚೂ ಹೆಚ್ಚಿತು. ಆದರೆ ಅಮ್ಮನನ್ನು ಕಡೆಯವರೆಗೆ ನೋಡಿಕೊಂಡವರು ನೀವಿಬ್ಬರು. ಆಸ್ಪತ್ರೆಯದು, ಕಂದಾಯದ್ದು, ಈ ದುರಸ್ತಿಯದು ಎಲ್ಲವನ್ನೂ ಕಳೆ. ಉಳಿದುದರಲ್ಲಿ ಅರ್ಧ ಕೊಡು.”

ರಾಯರಿಗೆ ಮೊದಲು ಚುಚ್ಚಿದಂತಾಯಿತು. ಬೇಡ ಎಂದುಬಿಡುವಳೆಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅಣ್ಣತಂಗಿಯರು ಲೆಕ್ಕ ಬರೆಯುತ್ತ ಹೋದಂತೆ ಎದೆಯ ಭಾರ ಇಳಿಯುತ್ತ ಬಂದಿತು. ಲಿಫ್ಟು ಇರುವ ಮನೆಯನ್ನು ಕೊಳ್ಳುವುದು ಇನ್ನು ಆಗದ ಮಾತು; ಬಾಡಿಗೆಗೆ ಹಿಡಿಯಬಹುದು. ಅದನ್ನು ರಾಯರ ಪತ್ನಿಯೇ ಹೇಳಿ, ಮೂವರಿಗೂ ಕಾಫಿ ತಂದಿಟ್ಟರು.

ಕರಾರು ಇಬ್ಬರ ಹೆಸರಿನಲ್ಲಿ ಹೊಸದಾಗಿ ಆಯಿತು. ನಕ್ಷೆಯಿಲ್ಲದ ಮೇಲಿನ ಕೋಣೆಯ ವಿಷಯವನ್ನು ಕರಾರಿನಲ್ಲಿ ಮುಚ್ಚಿಡದೆ ಬರೆಸಿ, ಅದರ ಸಲುವಾಗಿ ಬೆಲೆಯಲ್ಲಿ ಸ್ವಲ್ಪ ಇಳಿಸಿದರು. ಮೌಲ್ಯಮಾಪಕನು ಎರಡನೆಯ ಸಲ ಬಂದಾಗ ಮೂಲೆಯಲ್ಲಿ ಬೀರು ಇರಲಿಲ್ಲ, ಬಚ್ಚಲಲ್ಲಿ ಪ್ಲಾಸ್ಟಿಕ್ ಹಲಗೆ ಇರಲಿಲ್ಲ. ದುರಸ್ತಿಯ ಪ್ರತಿ ಹಂತದ ಫೋಟೋಗಳನ್ನೂ ಮೇಸ್ತ್ರಿಯ ರಸೀದಿಗಳನ್ನೂ ಎಂಜಿನಿಯರರ ಪತ್ರವನ್ನೂ ರಾಯರು ಮುಂದಿಟ್ಟರು. ಮುಚ್ಚಿದುದನ್ನು ತೆರೆದು ನೋಡುವುದಕ್ಕೆಂದೇ ಬರುವವನಿಗೆ ಎಲ್ಲವೂ ತೆರೆದೇ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಆತನು ಈ ಸಲ ಉಪ್ಪಿಟ್ಟನ್ನು ಪೂರ್ತಿ ತಿಂದನು. ಸಾಲ ಮಂಜೂರಾಯಿತು.

ನೋಂದಣಿಯ ದಿನ ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಅಣ್ಣ, ತಂಗಿ ಪಕ್ಕಪಕ್ಕದಲ್ಲಿ ಕುಳಿತು ಬೆರಳಚ್ಚು ಕೊಟ್ಟರು. ಐವತ್ತು ಲಕ್ಷ ದಾಟಿದ ವ್ಯವಹಾರವಾದ್ದರಿಂದ, 2013ರಿಂದ ಬಂದ ನಿಯಮದಂತೆ, ನೂರಕ್ಕೆ ಒಂದರಷ್ಟು ಆದಾಯ ತೆರಿಗೆಯನ್ನು ಕೊಳ್ಳುವವರೇ ಹಿಡಿದು ಸರಕಾರಕ್ಕೆ ಕಟ್ಟಿದ್ದರು. ಉಳಿದುದಕ್ಕೆ ಬ್ಯಾಂಕಿನ ಚೆಕ್ಕುಗಳು ಬಂದವು. ತಂದೆಯ ಕಾಲದ ಹಕ್ಕುಪತ್ರವನ್ನು ಬ್ಯಾಂಕಿನ ಅಧಿಕಾರಿ ಎರಡು ಸಲ ಓದಿ, ಲಕೋಟೆಯೊಳಗೆ ಇಟ್ಟರು. ಇನ್ನು ಇಪ್ಪತ್ತು ವರ್ಷ ಅದು ಕಬ್ಬಿಣದ ಕಪಾಟಿನಲ್ಲಿ ಇರುತ್ತದೆ. ಹೊರಗೆ ಬಂದ ಮೇಲೆ ರಾಯರು ಆ ತರುಣನಿಗೆ ಒಂದು ಹಾಳೆ ಕೊಟ್ಟರು. ನೀರಿನ ಗೇಟ್‌ವಾಲ್ವು ಎಲ್ಲಿದೆ, ಯಾವ ಸ್ವಿಚ್ಚು ಯಾವ ಕೋಣೆಯದು, ತಾರಸಿಯ ಜಾಲರಿಯಿಂದ ಸಂಪಿಗೆಯ ಎಲೆಗಳನ್ನು ಮಳೆಗಾಲಕ್ಕೆ ಮುಂಚೆ ಯಾವಾಗ ತೆಗೆಯಬೇಕು ಎಂಬುದನ್ನೆಲ್ಲ ಅವರ ದುಂಡಾದ ಅಕ್ಷರಗಳಲ್ಲಿ ಅದರಲ್ಲಿ ಬರೆದಿತ್ತು.

ಜೂನ್ ತಿಂಗಳ ಮೊದಲ ಜೋರು ಮಳೆ ಬಂದದ್ದು ರಾತ್ರಿಯಲ್ಲಿ. ಬಾಡಿಗೆ ಮನೆಯ ಮೂರನೆಯ ಅಂತಸ್ತಿನಲ್ಲಿ ಮಲಗಿದ್ದ ರಾಯರು ಅಭ್ಯಾಸಬಲದಿಂದ ಎದ್ದು, ಮೂಲೆಯಲ್ಲಿ ಬಕೆಟ್ಟು ಇಡ​ಲು ಹೊರಟು, ಅರ್ಧ ದಾರಿಯಲ್ಲಿ ನಿಂತರು.

“ಈಗ ಆ ಮೂಲೆ ಸೋರುವುದಿಲ್ಲ” ಎಂದರು, ತಮಗೇ ಹೇಳಿಕೊಳ್ಳುವಂತೆ.

ಅವರ ಪತ್ನಿಗೂ ಎಚ್ಚರವಾಗಿತ್ತು. “ಬ್ಯಾಂಕಿನವರಿಗಾಗಿ ಮಾಡಿಸಿದುದನ್ನು ಅತ್ತೆ ಇದ್ದಾಗ ಮಾಡಿಸಿದ್ದರೆ ಆಗುತ್ತಿರಲಿಲ್ಲವೇ?” ಎಂದರು.

ರಾಯರು ಉತ್ತರ ಕೊಡಲಿಲ್ಲ. ಬೆಳಗಾದ ಕೂಡಲೆ ಶಿವಮೊಗ್ಗಕ್ಕೆ ಫೋನು ಮಾಡಿ, ಅಲ್ಲಿ ಮಳೆ ಹೇಗಿದೆ, ಮನೆ ಸೋರುತ್ತಿಲ್ಲ ತಾನೆ ಎಂದು ವಿಚಾರಿಸಿದರು.